ಪೇಚಾಯಿಯ ಹೆಸರಿನ ಕಾಯಿಲೆಗಳು

ಕರಿಗಲ್ಲು ತೋಟದ ಚರಿತ್ರೆಯನ್ನು ಯಾರಾದರೂ ಬರೆಯುವ ಮನಸ್ಸು ಮಾಡಿದರೆ, ಔಷಧಾಲಯದ ಮೇಜಿಗೆ ಹಸಿರು ಬಟ್ಟೆ ಹೊದಿಸಿದ ಆ ಗುರುವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಇಂಗ್ಲಿಷರು ಬಂದರು, ಹೋದರು. ಕಾಫಿ ಸತ್ತು ಟೀ ಬಂತು. ತೋಟ ಕಂಪನಿಯಿಂದ ಸರ್ಕಾರಕ್ಕೆ, ಸರ್ಕಾರದಿಂದ ಇನ್ನೊಂದು ಕಂಪನಿಗೆ ಕೈ ಬದಲಾಯಿಸಿತು. ಇಷ್ಟೆಲ್ಲ ಆದರೂ ಆ ಮೇಜು ಬತ್ತಲೆಯಾಗಿಯೇ ಇತ್ತು. ಅದರ ಮೇಲೆ ಗಾಯ ತೊಳೆದಿದ್ದರು, ಹೆರಿಗೆ ಮಾಡಿಸಿದ್ದರು, ಒಮ್ಮೆ ಬೇರೆ ಜಾಗವಿಲ್ಲದೆ ಒಂದು ಹೆಣವನ್ನೂ ಮಲಗಿಸಿದ್ದರು. ಈಗ ಬಟ್ಟೆ ಬಂದದ್ದು ಮನುಷ್ಯರಿಗೋಸ್ಕರ ಅಲ್ಲ, ಅದರ ಮೇಲೆ ಕೂರಲಿದ್ದ ಯಂತ್ರಕ್ಕೋಸ್ಕರ.

"ಬಟ್ಟೆ ಮುಟ್ಟಬ್ಯಾಡ ಮುದ್ಕೀ! ಎಲೆಅಡಿಕೆ ಕೈ ಅದು. ಹಲ್ಕಾ ಮುಂಡೆ, ಒರ್ಸ್ಕೊಂಡು ಬಾ," ಎಂದು ಕಣಕ್ಕುಪಿಳ್ಳೆ ಮುನಿಯಾಂಡಿ ಬಾಗಿಲಲ್ಲೇ ಗದರಿದ.

"ಒರ್ಸ್ಕಂಡೆ ಕಣಯ್ಯಾ ಪುಳ್ಳೆ. ಮೇಜಿಗೆ ಮದ್ವೆ ಅಂತ ಮೊದ್ಲೇ ಹೇಳಿದ್ರೆ ತಲೆಗೆ ನೀರಾಕ್ಕೊಂಡೇ ಬತ್ತಿದ್ದೆ," ಎಂದಳು ಪೇಚಾಯಿ.

ಕಣಕ್ಕುಪಿಳ್ಳೆ ಎಂದರೆ ಗುಡ್ಡದಲ್ಲಿ ಟೀ ಸೊಪ್ಪು ಕೊಯ್ಯುವ ಹೆಂಗಸರ ಬೆನ್ನಿಗೆ ನಿಂತು ಕಾಯುವ ಮೇಸ್ತ್ರಿ. ಮುನಿಯಾಂಡಿ ಹುಟ್ಟಿದ್ದೂ ಕೂಲಿಯವರ ಇದೇ ಲೈನುಮನೆಗಳಲ್ಲಿ. ಹಾಗಾಗಿ ಅವನ ಬೈಗುಳ ಹೊರಗಿನದಾಗಿರಲಿಲ್ಲ. ಮನೆಯ ಸಾರಿನ ಹಾಗೆ ಖಾರ ಹದವಾಗಿರುತ್ತಿತ್ತು.

ಮೇಜಿನ ಹಿಂದೆ ಔಷಧದ ಅಯ್ಯಾ ತಂಬಿರಾಜಾ ಕೂತಿದ್ದರು. ಇಡೀ ತೋಟಕ್ಕೆ ಡಾಕ್ಟರೂ ಕಾಂಪೌಂಡರೂ ಅವರೇ. ಪೇಚಾಯಿಯ ಕಣ್ಣು ತಪ್ಪಿಸಿ ಗಾಜಿನ ಚೌಕವೊಂದನ್ನು ಮುಂದಕ್ಕೆ ತಳ್ಳಿದರು.

"ಬೆರಳಿಡು. ಇನ್ಮೇಲೆ ಮನುಷ್ಯನಿಗೊಂದು ನಂಬರು. ತೋಟದ್ದು, ಪ್ರಾಂತ್ಯದ್ದು, ರಾಜಧಾನಿ ಕೊಲಂಬೋದ್ದು, ಕಾಯಿಲೆ ಚೀಟಿ ಎಲ್ಲಾ ಒಂದೇ ಕಡೆ ಕಾಣತ್ತಂತೆ."

"ಎಲ್ಲಾನೂವಾ ಅಯ್ಯಾ?"

"ಎಲ್ಲಾನೂ."

ಪೇಚಾಯಿಯ ಬೆರಳು ಗಾಜಿನ ಮೇಲೆ ಒಂದು ಗಳಿಗೆ ನಿಂತೇ ಇತ್ತು. "ಇಡೇ, ಅದೇನ್ ಕಚ್ಚತದಾ?" ಎಂದು ಮುನಿಯಾಂಡಿ ಮಣಿಕಟ್ಟು ಹಿಡಿದು ಒತ್ತಿದ. ಹಸಿರು ದೀಪ ಹೊತ್ತಿತು. ಅಂದು ಬೆಳಿಗ್ಗೆ ಅವಳಿಗಿಂತ ಮೊದಲು ಕರೆಸಿದ್ದ ಹೆಂಗಸರಿಗೆಲ್ಲ ಕೆಂಪು ದೀಪವೇ ಬಂದಿತ್ತು. ಹಗಲೆಲ್ಲ ಸೊಪ್ಪು ಚಿವುಟುವ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಪೇಚಾಯಿ ಕೊಯ್ಯುವುದು ನಿಲ್ಲಿಸಿ ಬಹಳ ಕಾಲವಾಗಿತ್ತು, ಗೆರೆಗಳು ಮತ್ತೆ ಚಿಗುರಿದ್ದವು. ಹೀಗೆ ಮೇಲಿನ ಡಿವಿಷನ್ನಿನಿಂದ ಯಂತ್ರದೊಳಕ್ಕೆ ಹೋದವಳು ಅವಳೊಬ್ಬಳೇ. ಉಳಿದವರದು ಆಮೇಲೆ ನೋಡೋಣ ಎಂದಾಯಿತು.

ಬೆರಳು ತಡೆದದ್ದಕ್ಕೆ ಕಾರಣವಿತ್ತು. ಇಲ್ಲಿ ದಿನಗೂಲಿಗೆ 'ಹೆಸರು' ಎನ್ನುತ್ತಾರೆ. ತೂಕ ತುಂಬಿದರೆ ಒಂದು ಹೆಸರು, ತುಂಬದಿದ್ದರೆ ಅರ್ಧ ಹೆಸರು. ಪಕ್ಕದ ಸಾಲಿನವಳಿಗೆ ಮೈ ಸರಿಯಿಲ್ಲದ ದಿನ ತನ್ನ ಬುಟ್ಟಿಯಿಂದ ನಾಲ್ಕು ಹಿಡಿ ಅವಳ ಬುಟ್ಟಿಗೆ ಹಾಕಿ ಅವಳ ಹೆಸರು ಉಳಿಸುವುದು ಇಲ್ಲಿ ಪುಣ್ಯವೂ ಅಲ್ಲ, ಉಪಕಾರವೂ ಅಲ್ಲ. ಉಪ್ಪು ಕೈಗಡ ಕೊಟ್ಟ ಹಾಗೆ. ಪೇಚಾಯಿ ಇಳಿಜಾರಿನಲ್ಲಿ ಉರುಳಿ ಕಾಲು ಸೊಟ್ಟಗಾದ ಮೇಲೆ ತೋಟ ಅವಳನ್ನು ಪಟ್ಟಿಯಿಂದ ಹೊಡೆದು ಹಾಕಿತು, ಅವಳಿದ್ದ ಮನೆ ಬಿಡಿಸಿತು. ತಂಗಿಯ ಮಗಳು ಲೋಗನಾಯಕಿಯ ಲೈನುಮನೆಯ ಒಲೆಯ ಮಗ್ಗುಲಿಗೆ ಬಂದು ಬಿದ್ದಳು. ಬುಟ್ಟಿಯಲ್ಲಿ ಕೊಡಲು ಏನೂ ಇಲ್ಲವಾದಾಗ ಅವಳು ಕೈಗಡ ಕೊಟ್ಟದ್ದು ತನ್ನ ಸ್ವಂತ ಹೆಸರನ್ನು.

ಕಾಯಿಲೆ ಎಂದು ತೋಟಕ್ಕೆ ತಿಳಿದರೆ 'ವೈದ್ಯಕೀಯ ವಿಶ್ರಾಂತಿ'. ವಿಶ್ರಾಂತಿ ಎಂದರೆ ಪಟ್ಟಿಯಿಂದ ಹೊರಗೆ, ಪಟ್ಟಿಯಿಂದ ಹೊರಗೆ ಎಂದರೆ ಮನೆಯಿಂದ ಹೊರಗೆ. ಆದ್ದರಿಂದ ಕಾಯಿಲೆಯವರು ರಜೆಯ ದಿನ ನೋಡಿ ಒಂದು ಸಲ ಆಸ್ಪತ್ರೆಗೆ ಹೋಗಿ 'ನಾನು ಪೇಚಾಯಿ' ಎಂದು ಬರೆಸಿ ಬರುವರು. ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಕುಂಟುತ್ತ ಹೋಗಿ ಮಾತ್ರೆ ತರುವವಳು ನಿಜವಾದ ಪೇಚಾಯಿ. ಸೊಪ್ಪು ಕೊಯ್ಯುವ ಸಂಜೀವಿಯ ಸಕ್ಕರೆ ಕಾಯಿಲೆ, ಇನ್ನೊಬ್ಬಳ ರಕ್ತದೊತ್ತಡ ತೋಟದ ಔಷಧಾಲಯದಲ್ಲಿ. ವೆಳ್ಳಾತ್ತಾಳ ಮೂರ್ಛೆ, ಯಾರದೋ ಉಬ್ಬಸ, ಯಾರದೋ ಗರ್ಭಕೋಶ ಪೇಟೆಯಲ್ಲಿರುವ ಪ್ರಾಂತ್ಯದ ಆಸ್ಪತ್ರೆಯಲ್ಲಿ. ಸಂಕೋಚದ ಮುದುಕ ಒಬ್ಬ ಡಾಕ್ಟರ ಮುಂದೆ ಬಾಯಿ ಬಿಡಲಾರದೆ ತನ್ನ ಮೂತ್ರದ ತೊಂದರೆಯನ್ನೂ ಇವಳ ಕೈಯಲ್ಲೇ ಹೇಳಿ ಕಳಿಸಿದ್ದ. ತಂಬಿರಾಜಾ ಅಯ್ಯಾ ಎಲ್ಲವನ್ನೂ ಬಲ್ಲವರು. ಬಲ್ಲೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ಕೊನೆಯದು ಲೋಗನಾಯಕಿಯದು. ಎರಡು ತಿಂಗಳ ಹಿಂದೆ ಅವಳ ಕಫದಲ್ಲಿ ರಕ್ತ ಕಂಡಿತ್ತು. ಪೇಚಾಯಿ ಆ ಕಫವನ್ನು ಶೀಶೆಯಲ್ಲಿ ತುಂಬಿ, ತನ್ನದೇ ಎಂದು ರಾಜಧಾನಿಯವರು ನಡೆಸುವ ಕ್ಷಯದ ಕ್ಲಿನಿಕ್ಕಿಗೆ ಕೊಟ್ಟಳು. ಕೆಂಪು ಮಾತ್ರೆ ಬಂದವು. "ಆರು ತಿಂಗಳು ತಪ್ಪದೆ ನುಂಗಬೇಕು," ಎಂದು ತಂಬಿರಾಜಾ ಪಿಸುಗುಟ್ಟಿದ್ದರು. "ನಡುವೆ ಬಿಟ್ರೆ ತಿರುಗಿ ಬರತ್ತೆ. ಆಮೇಲೆ ಈ ಮಾತ್ರೆಗೆ ಬಗ್ಗಲ್ಲ." ಲೋಗನಾಯಕಿಗೆ ಎರಡು ಪುಟ್ಟ ಮಕ್ಕಳು. ಮನೆ ಅವಳ ಹೆಸರಿನಲ್ಲಿ ನಿಂತಿತ್ತು, ಅವಳ ಹೆಸರು ಅವಳ ಶ್ವಾಸಕೋಶದ ಮೇಲೆ.

ತೋಟ, ಪ್ರಾಂತ್ಯ, ರಾಜಧಾನಿ ಎಂಬ ಮೂರು ಸರ್ಕಾರಗಳ ದಾಖಲೆಗೆ ಮೂರು ಪೆಟ್ಟಿಗೆ, ಒಂದಕ್ಕೊಂದು ಮಾತಿಲ್ಲ. ಹೆಂಗಸರ ಪಾಲಿಗೆ ಅದೇ ದೇವರ ಕೃಪೆಯಾಗಿತ್ತು. ರಾಜಧಾನಿಯವರು ಆರೋಗ್ಯಕ್ಕೆಂದು ಒಂದು ಡಿಜಿಟಲ್ ನೀತಿ ಬರೆದರು. ಪ್ರಾಂತ್ಯದವರು ಅದನ್ನು ಓದದೆ ಇನ್ನೊಂದು ಬರೆದರು. ಎರಡರ ಮುಖಪುಟದಲ್ಲೂ ಬುಟ್ಟಿ ಹೊತ್ತು ನಗುವ ಒಬ್ಬಳೇ ಟೀ ಹೆಂಗಸಿನ ಫೋಟೋ ಇತ್ತಂತೆ. ಹೊಂದಾಣಿಕೆ ಶುರುವಾದದ್ದು ಅಲ್ಲಿಂದ. ಮೊದಲು ಹೆಸರೋ, ಮೊದಲು ತಂದೆಯ ಹೆಸರೋ ಎಂಬ ಜಗಳದಲ್ಲಿ ವರ್ಷಗಳು ಕಳೆದವು. ಆಮೇಲೆ ತೋಟದ ಕಂಪನಿಗಳು ನಮಗೂ ಇಣುಕಲು ಒಂದು ಕಿಟಕಿ ಕೊಡಿ ಎಂದವು. ಕೊಟ್ಟರು. ಈಗ ಪೆಟ್ಟಿಗೆಗಳು ಮಾತಾಡತೊಡಗಿದವು, ಮತ್ತು ಅವು ಆಡಿದ ಮೊದಲ ಮಾತು ಪೇಚಾಯಿಯ ಬಗ್ಗೆ.

*

ಮುಂದಿನ ತಿಂಗಳು ಪೇಟೆಯಿಂದ ಔಷಧ ಪೊಟ್ಟಣವಾಗಿ ಬರಲಿಲ್ಲ, ಚೀಲವಾಗಿ ಬಂತು. ಚೀಲದ ಹಿಂದೆಯೇ ಜೀಪು ಬಂತು. ಒಂದು ಹೆಣ್ಣಿನ ಮೈಯಲ್ಲಿ ಒಂದು ವಾರ್ಡಿನಷ್ಟು ಕಾಯಿಲೆ ಕಂಡು ಮೂರೂ ಕಡೆ ಒಂದೇ ಸಲ ಕೆಂಪು ಗೆರೆ ಮಿನುಗಿತ್ತಂತೆ. ಮೂರೂ ಸರ್ಕಾರ ಒಂದೇ ದಿನ ಕರಿಗಲ್ಲು ತೋಟಕ್ಕೆ ಬಂದದ್ದು ಅದೇ ಮೊದಲು. ಸೊಪ್ಪು ತೂಗುವ ಶೆಡ್ಡಿನಲ್ಲಿ ಇದ್ದದ್ದು ಎರಡು ಕುರ್ಚಿ. ಕೊಲಂಬೋದ ಡಾಕ್ಟರಮ್ಮ ಹಂಸಮಾಲಿಗೆ ಒಂದು. ಇನ್ನೊಂದಕ್ಕೆ ಪ್ರಾಂತ್ಯದ ಸಾಹೇಬರೂ ತೋಟದ ಸಹಾಯಕ ಮ್ಯಾನೇಜರನಾದ ಚಿಕ್ಕ ದೊರೆಯೂ ಒಬ್ಬರಿಗೊಬ್ಬರು 'ನೀವು, ನೀವು' ಎನ್ನುತ್ತ ನಿಂತರು. ಕೊನೆಗೆ ಸಾಹೇಬರು ಕೂತರು, ಚಿಕ್ಕ ದೊರೆ ತಕ್ಕಡಿಗೆ ಒರಗಿದ.

ಬೆಳಗಿನ ಸೊಪ್ಪು ತೂಗಿಸಲು ಬಂದ ಹೆಂಗಸರು ಬುಟ್ಟಿ ಇಳಿಸದೆ ಸಾಲಾಗಿ ನಿಂತಿದ್ದರು. ಪೇಚಾಯಿಯನ್ನು ನಡುವೆ ನಿಲ್ಲಿಸಿದರು.

ಚಿಕ್ಕ ದೊರೆ ಕೈಯಲ್ಲಿದ್ದ ಹಲಗೆಯಂಥ ಯಂತ್ರ ನೋಡಿ ಹಾಜರಿ ಕರೆಯುವ ದನಿಯಲ್ಲಿ ಓದಿದ. "ಪೇಚಾಯಿ. ಸಕ್ಕರೆ. ರಕ್ತದೊತ್ತಡ. ಮೂರ್ಛೆ. ಉಬ್ಬಸ. ಗರ್ಭಕೋಶ ಜಾರಿರೋದು." ನಿಲ್ಲಿಸಿ ಎಲ್ಲರ ಮುಖ ನೋಡಿದ. "ಗಂಡಸರ ಪ್ರಾಸ್ಟೇಟ್."

ಸಾಹೇಬರು ಕರವಸ್ತ್ರದೊಳಗೆ ನಕ್ಕರು.

"ಏನ್ ಮುದುಕಿ, ಸೀರೆಯೊಳಗೆ ಏನೇನಿಟ್ಕೊಂಡಿದ್ದೀಯ?" ಎಂದ ಚಿಕ್ಕ ದೊರೆ.

"ಎತ್ತಿ ತೋರ್ಸು ಅಂತಾವ್ರೆ ದೊರೆ!" ಎಂದ ಮುನಿಯಾಂಡಿ. ದೊರೆ ಹಾಗೆ ಹೇಳಿರಲಿಲ್ಲ. ಹೇಳಿಲ್ಲ ಎಂದೂ ಹೇಳಲಿಲ್ಲ.

ಪೇಚಾಯಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ತೋರಿಸ್ತೀನಿ ಪುಳ್ಳೆ. ನೀನು ಹುಟ್ದಾಗ ನಿಂದು ಎಲ್ಲೈತೆ ಅಂತ ಹುಡುಕಾಕೆ ನಿಮ್ಮವ್ವಂಗೆ ದೀಪ ಹಿಡ್ದೋಳು ನಾನೇ. ಅದಕ್ಕಿಂತ ದೊಡ್ದೇನಲ್ಲ ಕಣಪ್ಪ."

ನಗು ಸಾಲಿನ ಈ ತುದಿಯಿಂದ ಆ ತುದಿಗೆ ಓಡಿತು. ಮುನಿಯಾಂಡಿ "ನಿನ್ನವ್ವನ್..." ಎಂದು ಕೋಲೆತ್ತಿದ. ಅಷ್ಟರಲ್ಲಿ ಮೂಲೆಯ ಸೊಪ್ಪಿನ ಚೀಲದ ಮೇಲೆ ಕೂತಿದ್ದ ತಂಬಿರಾಜಾ ಎದ್ದು ನಿಂತರು. "ಅದು ನನ್ನ ಕೈತಪ್ಪು, ದೊರೆ. ಪ್ರಾಸ್ಟೇಟು. ಬರೆಯುವಾಗ ಸಾಲು ತಪ್ಪಿತು."

"ಉಳಿದದ್ದು?"

"ಉಳಿದದ್ದು..." ತಂಬಿರಾಜಾ ಕೂತುಬಿಟ್ಟರು.

"ಇನ್ನೊಂದಿದೆ," ಎಂದ ಚಿಕ್ಕ ದೊರೆ. "ಕ್ಷಯ."

ನಗು ನಿಂತಿತು. ಸಾಲಿನಲ್ಲಿ ಯಾರೋ ಒಬ್ಬರು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು, ಸರಿದದ್ದು ನೆನಪಾಗಿ ಮತ್ತೆ ಮೊದಲಿನ ಜಾಗಕ್ಕೆ ಬಂದರು. ಪೇಚಾಯಿ ಲೋಗನಾಯಕಿ ಇದ್ದ ಕಡೆ ನೋಡಲಿಲ್ಲ. ನೋಡದೆಯೂ ಗೊತ್ತಿತ್ತು, ಹುಡುಗಿ ಕೆಮ್ಮನ್ನು ಗಂಟಲಲ್ಲಿ ಹಿಡಿದಿದ್ದಾಳೆ. ಕುತ್ತಿಗೆಯ ನರ ಹಗ್ಗದ ಹಾಗೆ ಬಿಗಿದಿರುತ್ತದೆ.

ಹಂಸಮಾಲಿ ಕೆಟ್ಟವಳಲ್ಲ. ಎದ್ದು ಬಂದು ಪೇಚಾಯಿಯ ಭುಜ ಮುಟ್ಟಿದಳು. ಸಿಂಹಳದಲ್ಲಿ ಮೆತ್ತಗೆ, ಉದ್ದಕ್ಕೆ ಮಾತಾಡಿದಳು: ಇವೆಲ್ಲ ಒಬ್ಬರ ಕಾಯಿಲೆಯಲ್ಲ ಎಂದು ನಮಗೆ ಗೊತ್ತು, ಯಾರನ್ನೂ ಶಿಕ್ಷಿಸಲು ಬಂದಿಲ್ಲ, ಅವರವರ ಕಾಯಿಲೆಯನ್ನು ಅವರವರು ಹೇಳಿಕೊಂಡರೆ ಅವರವರ ನಂಬರಿಗೆ ಔಷಧ ಬರುತ್ತದೆ, ದಯವಿಟ್ಟು ಹೆದರಬೇಡಿ.

"ಯಾವ್ ಯಾವ್ ಮುಂಡೆದು ಯಾವ್ ಯಾವ್ ರೋಗವೋ ಬಂದು ಎತ್ಕಳಿ ಅಂತಾವ್ರೆ ಮಿಸ್ಸಿ," ಎಂದು ಮುನಿಯಾಂಡಿ ಅದನ್ನು ತಮಿಳಿಗೆ ಇಳಿಸಿದ.

"ಎತ್ಕಂಡ್ರೆ ದೊರೆಗೂ ಕಾಣ್ತದಾ ಕೇಳು," ಎಂದಳು ವೆಳ್ಳಾತ್ತಾ.

ಕೇಳಿದ. ಹಂಸಮಾಲಿಯ ಮುಖ ಅರಳಿತು. "ಕಾಣತ್ತೆ! ಅದೇ ಇದರ ಸೊಗಸು. ಇಲ್ಲಿ ಬರೆದ ಕ್ಷಣವೇ ತೋಟದ ಪರದೆಯಲ್ಲೂ ಬರತ್ತೆ. ಯಾರೂ ಯಾರಿಂದಲೂ ಏನೂ ಮುಚ್ಚಿಡೋ ಹಾಗಿಲ್ಲ."

ಚಿಕ್ಕ ದೊರೆ ತಕ್ಕಡಿಯ ಸರಪಳಿಯನ್ನು ಬೆರಳಿಂದ ಮೀಟಿದ.

ಸಾಲಿನ ಮುಂದಿದ್ದ ಸಂಜೀವಿ ಸೀರೆ ಸರಿಮಾಡಿಕೊಂಡಳು. ಸಕ್ಕರೆ ತಾನೆ, ಅಷ್ಟಕ್ಕೆ ಮನೆ ಬಿಡಿಸುತ್ತಾರೆಯೇ ಎಂದು ಅವಳ ಲೆಕ್ಕ. ಜೊತೆಗೆ ಪೇಚಾಯಿ ಅಕ್ಕ ನಡುವೆ ನಿಂತು ಉಗಿಸಿಕೊಳ್ಳುವುದು ಅವಳಿಗೆ ನೋಡಲಾಗುತ್ತಿರಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಳು. "ಮಿಸ್ಸಿ, ಆ ಸಕ್ಕರೆದು..."

ಪೇಚಾಯಿಯ ಲೆಕ್ಕ ಬೇರೆಯಿತ್ತು. ಒಂದು ಕಾಯಿಲೆ ಕೈಗಡದ್ದು ಎಂದು ಬಾಯಿಬಿಟ್ಟರೆ ಎಲ್ಲವೂ ಕೈಗಡದ್ದೇ. ಒಬ್ಬೊಬ್ಬಳೇ ಬಂದು ತನ್ನದನ್ನು ಎತ್ತಿಕೊಂಡು ಹೋದರೆ ಕೊನೆಗೆ ಉಳಿಯುವುದು ಒಂದೇ. ಅದು ಯಾರದು ಎಂದು ತಿಳಿಯಲು ಡಾಕ್ಟರು ಬೇಡ, ಪೇಚಾಯಿ ಯಾರ ಮನೆಯಲ್ಲಿ ಮಲಗುತ್ತಾಳೆ ಎಂದು ಗೊತ್ತಿದ್ದರೆ ಸಾಕು. ಮುನಿಯಾಂಡಿಗೆ ಗೊತ್ತಿತ್ತು.

"ಆ ಸಕ್ಕರೆ ನಂದು," ಎಂದಳು ಪೇಚಾಯಿ, ಶೆಡ್ಡಿನ ತಗಡು ಮೊಳಗುವ ಹಾಗೆ. "ಏನೇ ಸಂಜೀವಿ, ನನ್ ಸಕ್ಕರೆ ಮ್ಯಾಗೂ ಕಣ್ಣಾ ನಿಂಗೆ? ಮೊನ್ನೆ ಕಾಯಿ ಕೇಳ್ಕಂಡ್ ಬಂದೆ, ಕೊಟ್ಟೆ. ಇವತ್ತು ರೋಗ ಕೇಳ್ತಾ ಇದ್ದೀಯಾ? ಕೊಡಾಕಿಲ್ಲ ಹೋಗೆ, ಬಿಕನಾಸಿ!"

ಸಂಜೀವಿಯ ನೋಟ ಪೇಚಾಯಿಯಿಂದ ಲೋಗನಾಯಕಿಯ ಕುತ್ತಿಗೆಗೆ ಹೋಯಿತು, ಅಲ್ಲಿಂದ ನೆಲಕ್ಕೆ. "ನಂಗ್ಯಾಕಮ್ಮಾ ನಿನ್ ದರಿದ್ರ," ಎಂದು ಹಿಂದೆ ಸರಿದಳು. "ನಾನು ಕಲ್ಗುಂಡಿನಂಗಿದ್ದೀನಿ."

"ವೆಳ್ಳಾತ್ತಾ?" ಎಂದ ಮುನಿಯಾಂಡಿ. "ಆ ಮೂರ್ಛೆ ನಿಂದಲ್ವಾ? ಹೋದ ವರ್ಷ ಬೂದಿಗುಡ್ಡದಾಗೆ ಬಿದ್ದಿದ್ಯಲ್ಲ."

"ನಿನ್ ಮೋರೆ ಕಂಡು ಬಿದ್ದೆ. ಯಾರಾದ್ರೂ ಬೀಳ್ತಾರೆ."

ಹೀಗೆ ಸಾಲು ಮುಗಿಯಿತು. ಎಲ್ಲರೂ ಗಟ್ಟಿ. ಒಬ್ಬರಿಗೂ ತಲೆನೋವು ಸಹ ಇಲ್ಲ. ಹಂಸಮಾಲಿ ಹಣೆ ಒತ್ತಿಕೊಂಡಳು. ಆಮೇಲೆ ಚೀಲದಿಂದ ಸಣ್ಣ ಯಂತ್ರ ತೆಗೆದು ಪೇಚಾಯಿಯ ಬೆರಳು ಚುಚ್ಚಿ ನೋಡಿದಳು.

"ಸಕ್ಕರೆ ಸರಿಯಾಗೇ ಇದೆಯಲ್ಲ! ಇವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ."

"ಮಾತ್ರೆ ನುಂಗ್ತೀನಲ್ಲವ್ವಾ," ಎಂದಳು ಪೇಚಾಯಿ. "ನುಂಗಿದ್ರೂ ಇಳೀದೇ ಇದ್ರೆ ನೀವು ಕೊಡೋದ್ಯಾಕೆ?"

ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಅದೂ ಸರಿ. ಪ್ರಾಂತ್ಯದ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಇಷ್ಟು ಕಾಯಿಲೆಯಿದ್ದೂ ಎಲ್ಲವೂ ಹಿಡಿತದಲ್ಲಿರುವ ರೋಗಿ ತಮ್ಮ ಪ್ರಾಂತ್ಯದಲ್ಲಿ ಇದ್ದಾಳೆಂದು ಅವರಿಗೆ ಈವರೆಗೆ ತಿಳಿದಿರಲಿಲ್ಲ. "ನಮ್ಮ ಆಸ್ಪತ್ರೆಯ ಔಷಧ ಕೆಲಸ ಮಾಡಿದೆ," ಎಂದರು. "ವರದಿಯಲ್ಲಿ ಇದು ಬರಲೇಬೇಕು." ಹಂಸಮಾಲಿ ಅವರನ್ನೇ ನೋಡಿದಳು, ಹೊರಗೆ ಗುರುಗುಡುತ್ತಿದ್ದ ಜೀಪನ್ನು ನೋಡಿದಳು. ಸಂಜೆಯೊಳಗೆ ಇನ್ನೂ ಎರಡು ತೋಟ ಮುಗಿಸಬೇಕಿತ್ತು.

ಆಗ ಕೆಮ್ಮು ಬಂತು. ಒಂದು ಸಣ್ಣ ಗೊರಕೆಯ ಹಾಗೆ ಶುರುವಾಗಿ ಲೋಗನಾಯಕಿಯನ್ನು ನಡು ಮುರಿಯುವಂತೆ ಬಗ್ಗಿಸಿತು. ಚಿಕ್ಕ ದೊರೆ ಸರಪಳಿ ಬಿಟ್ಟು ತಿರುಗಿದ. ತಿರುಗುವಷ್ಟರಲ್ಲಿ ವೆಳ್ಳಾತ್ತಾ ಕೆಮ್ಮತೊಡಗಿದ್ದಳು. ಸಂಜೀವಿ ಕೆಮ್ಮಿದಳು. ಯಾರೋ ಕ್ಯಾಕರಿಸಿದರು, ಯಾರೋ ಸೀನಿದರು. ಶೆಡ್ಡಿನ ತುಂಬ ಗಂಟಲುಗಳು ತೆರೆದುಕೊಂಡವು.

"ಏನ್ರೇ ಇದು, ಲೌಡಿಯರಾ!" ಎಂದ ಮುನಿಯಾಂಡಿ.

"ಸೊಪ್ಪಿನ ಧೂಳು, ದೊರೆ," ಎಂದಳು ಸಂಜೀವಿ, ಕಣ್ಣೊರೆಸಿಕೊಳ್ಳುತ್ತ.

ಲೋಗನಾಯಕಿ ಬಾಯಿಗೆ ಸೆರಗೊತ್ತಿ ಮುಂದೆ ಬಂದಳು. "ದೊಡ್ಡಮ್ಮಾ, ಬ್ಯಾಡ. ನಾನೇ ಏಳ್ತೀನಿ..."

"ಬಾಯ್ ಮುಚ್ಚೆ ಮುಂಡೆ," ಎಂದಳು ಪೇಚಾಯಿ. "ರೊಟ್ಟಿ ಸುಟ್ಟ್ಯಾ, ಇಲ್ವಾ, ಅದ ಏಳು. ಮಕ್ಳು ಉಪಾಸ ಇರ್ತವೆ, ಇವ್ಳು ಇಲ್ಲಿ ನ್ಯಾಯ ಏಳಾಕ್ ಬಂದವ್ಳೆ." ಹೇಳುತ್ತ ಅವಳ ಮುಖವನ್ನು ಮೊದಲ ಸಲ ನೋಡಿದಳು. ಹುಡುಗಿ ಹಿಂದೆ ಹೋದಳು.

ಹಂಸಮಾಲಿ ಯಂತ್ರದಲ್ಲಿ ಏನೋ ಒತ್ತಿದಳು. ಯಂತ್ರ ಏನೋ ಹೇಳಿತು. ಅದನ್ನು ಅವಳು ಎರಡು ಸಲ ಓದಿಕೊಂಡು, ಈ ಸಲ ಚಿಕ್ಕದಾಗಿ ಹೇಳಿದಳು. ಮುನಿಯಾಂಡಿಗೆ ಬೈಗುಳ ಸೇರಿಸಲು ಜಾಗವೇ ಸಿಗಲಿಲ್ಲ.

"ಕ್ಷಯದ ಜೊತೆ ಇಷ್ಟೊಂದು ಕಾಯಿಲೆ ಇರೋರು ಮನೇಲಿ ಇರಂಗಿಲ್ಲವಂತೆ. ಕೆಳಗಿನ ಕ್ಷಯದಾಸ್ಪತ್ರೆಗೆ ಹಾಕ್ತಾರಂತೆ. ಈಗ್ಲೇ. ಮಾತ್ರೆ ಎಲ್ಲಾ ಇನ್ನು ಅಲ್ಲಿಗೇ ಬತ್ತದೆ. ನಂಬರು ಎಲ್ಲೋ, ಮಾತ್ರೆ ಅಲ್ಲಿ."

ಪೇಚಾಯಿ ಇದನ್ನು ಎಣಿಸಿರಲಿಲ್ಲ. ನನ್ನ ಹತ್ತಿರ ಕಿತ್ತುಕೊಳ್ಳಲು ಏನಿದೆ ಎಂಬ ಧೈರ್ಯದ ಮೇಲೆ ಅವಳು ಇಷ್ಟು ಹೊತ್ತು ನಿಂತಿದ್ದಳು. ಮೈಯೊಂದು ಇತ್ತು, ಅದು ಅವಳಿಗೆ ಮರೆತೇ ಹೋಗಿತ್ತು. "ಯಾವಾಗ ಬಿಡ್ತಾರೆ?" ಎಂದು ಕೇಳಿದಳು.

"ವಾಸಿ ಆದ್ಮ್ಯಾಗೆ."

"ಇಲ್ದೇ ಇರೋದು ಹೆಂಗಯ್ಯಾ ವಾಸಿ ಆಯ್ತದೆ?" ಎಂದು ನಾಲಗೆಯ ತುದಿಗೆ ಬಂದದ್ದನ್ನು ಎಲೆಅಡಿಕೆಯ ಜೊತೆ ನುಂಗಿದಳು.

ಚಿಕ್ಕ ದೊರೆ ಹೆಂಗಸರ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಸಮಾಧಾನವಿತ್ತು. "ಒಳ್ಳೇದಾಯ್ತು. ಈ ಡಿವಿಷನ್ನಲ್ಲಿ ಯಾರಿಗೂ ಏನೂ ಕಾಯಿಲೆಯಿಲ್ಲ ಅಂತ ನಿಮ್ಮ ಬಾಯಲ್ಲೇ ಬಂತು, ಮೂರು ಸರ್ಕಾರದ ಮುಂದೆ. ನಾಳೆಯಿಂದ ಒಂದು ಹೆಸರಿಗೆ ಎರಡು ಕಿಲೋ ಜಾಸ್ತಿ. ಮೈ ಸರಿಯಿಲ್ಲ ಅಂತ ಯಾರೂ ನನ್ನ ಹತ್ರ ಬರಬೇಡಿ."

ತಿಂಗಳ ಔಷಧದ ಚೀಲವನ್ನು ಹಂಸಮಾಲಿಯೇ ಎತ್ತಿ ಪೇಚಾಯಿಯ ಕೈಗಿತ್ತಳು. ದಾರಿಯಲ್ಲಿ ಹೊತ್ತು ತಪ್ಪಿಸಬೇಡಿ ಎಂದಳು. ಬಟ್ಟೆ ತರಲು ಮನೆಗೆ ಹೋಗುವುದು ಬೇಡ, ಆಸ್ಪತ್ರೆಯಲ್ಲೇ ಕೊಡುತ್ತಾರೆ ಎಂದಳು.

"ಹೋಗ್ಬತ್ತೀನಿ ಅಂತ ಇವ್ರಿಗೆ ಏಳ್ಬೋದಾ?"

ಹೇಳಬಹುದು ಎಂದಾಯಿತು.

ಪೇಚಾಯಿ ಸಾಲಿನ ತಲೆಯಿಂದ ಶುರುಮಾಡಿದಳು. ಸೊಟ್ಟ ಕಾಲು ಎಳೆದುಕೊಂಡು ಒಬ್ಬೊಬ್ಬಳ ಹತ್ತಿರವೂ ನಿಂತಳು. ಬಲಗೈಯಿಂದ ಗಲ್ಲ ಮುಟ್ಟಿದಳು, ಎಡಗೈಯನ್ನು ಅವಳ ಬೆನ್ನಿನ ಬುಟ್ಟಿಯ ಸೊಪ್ಪಿನೊಳಗೆ ಮೊಣಕೈವರೆಗೆ ಇಳಿಸಿದಳು. ಸಂಜೀವಿಯದು ಸಂಜೀವಿಗೆ. ವೆಳ್ಳಾತ್ತಾಳದು ವೆಳ್ಳಾತ್ತಾಳಿಗೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಮಾತ್ರೆಯ ಹಾಳೆಯ ಅಂಚು ತಡವಿದರೆ ಯಾರದೆಂದು ಬೆರಳಿಗೆ ತಿಳಿಯುತ್ತಿತ್ತು. ಲೋಗನಾಯಕಿಯ ಬುಟ್ಟಿಯಲ್ಲಿ ಕೈ ಎಲ್ಲರದಕ್ಕಿಂತ ಹೆಚ್ಚು ಹೊತ್ತು ಇತ್ತು.

"ಅಲ್ಲೇನ್ ಮಾಡ್ತಿದ್ದಾಳೆ ಅವಳು?" ಎಂದ ಚಿಕ್ಕ ದೊರೆ.

ಮುನಿಯಾಂಡಿ ಹತ್ತಿರದಲ್ಲೇ ಇದ್ದ. ಅವನಿಗೆ ಕಾಣುತ್ತಿತ್ತು. ಸೊಪ್ಪಿನೊಳಗಿಂದ ಕೆಂಪು ಹಾಳೆಯ ಮೂಲೆಯೊಂದು ಇಣುಕುತ್ತಿತ್ತು. ಅವನು ಕೋಲಿನ ತುದಿಯಿಂದ ಅದನ್ನು ಒಳಕ್ಕೆ ಒತ್ತಿದ.

"ಸೊಪ್ಪು ನೋಡ್ತಾ ಅವ್ಳೆ, ದೊರೆ. ಹಳೇ ಚಾಳಿ," ಎಂದ. ಆಮೇಲೆ ಪೇಚಾಯಿಗೆ, "ನಡಿಯೇ ಮುದ್ಕಿ, ಹಾಳ್ ಮುಂಡೆ, ಜೀಪು ಕಾಯ್ತಾ ಐತೆ," ಎಂದು ಎಂದಿಗಿಂತ ಜೋರಾಗಿ ಗದರಿದ. ಗದರಿ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಪೇಚಾಯಿ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಜೀಪು ಹತ್ತಿದಳು. ಹತ್ತುವಾಗ ಯಾರೂ ಕೈ ಕೊಡಲಿಲ್ಲ. ಕ್ಷಯದವಳೆಂದು ಯಂತ್ರ ಹೇಳಿತ್ತು.

ಮೇಲಿನ ಡಿವಿಷನ್ನಿನಲ್ಲಿ ಕಾಯಿಲೆಯವರು ಯಾರೂ ಇಲ್ಲ ಎಂದು ತೋಟದ, ಪ್ರಾಂತ್ಯದ, ರಾಜಧಾನಿಯ ಯಂತ್ರಗಳು ಒಂದೇ ಮಾತು ಹೇಳಿದವು. ಬುಟ್ಟಿಯಲ್ಲಿ ಹೋದ ಮಾತ್ರೆ ಆ ತಿಂಗಳಿಗೆ ಸಾಕಾಯಿತು. ಲೋಗನಾಯಕಿಯ ಆರು ತಿಂಗಳು ಇನ್ನೂ ತುಂಬಿರಲಿಲ್ಲ.